ಹಾಲ್‌ನ ಗೋಡೆಗೆ ಹಳೆ ಗಡಿಯಾರ: ನಾನು ಆರಿಸಿದ ಬಗೆ

ಹಳೆಯ ಗಡಿಯಾರ ಕೊಳ್ಳಲು ಹೊರಟಾಗ ನಾನು ಹಾಕಿಕೊಂಡ ಷರತ್ತು ಒಂದೇ: ಅದು ಓಡಬೇಕು. ಅದೂ ಹುಟ್ಟಿದಾಗಿನ ಮಷಿನ್‌ನಿಂದಲೇ ಓಡಬೇಕು. ಚೆಂದಕ್ಕೆ ಗೋಡೆಗೆ ಹಾಕುವುದಾದರೆ ನಿಂತಿದ್ದರೇನು ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪೆಂಡುಲಂ ಆಡುತ್ತಿರುವಾಗಲೇ ಆ ಮರ, ಆ ಗಾಜು, ಆ ಹಿತ್ತಾಳೆಗೆಲ್ಲ ಅರ್ಥ. ನಿಂತುಹೋದರೆ ಉಳಿಯುವುದು ಧೂಳು ಹಿಡಿಯುವ ಪೆಟ್ಟಿಗೆ ಮಾತ್ರ.

ಬಜಾರಿಗೆ ಹೋಗುವ ಮೊದಲು ಗೋಡೆ ನೋಡಿಕೊಂಡೆ. ಎಂಟು ಮೂಲೆಯ ಮುಖ, ಕೆಳಗೊಂದು ಚಿಕ್ಕ ಪೆಂಡುಲಂ ಪೆಟ್ಟಿಗೆ ಇರುವ, ಹಳೆಯ ಶಾಲೆ ಮತ್ತು ಕಚೇರಿಗಳಲ್ಲಿ ಕಾಣುತ್ತಿದ್ದ ಗಡಿಯಾರ ಸುಮಾರು ಎರಡು ಅಡಿ ಉದ್ದವಿರುತ್ತದೆ. ಉದ್ದ ಗಾಜಿನ ಬಾಗಿಲಿನ ವಿಯೆನ್ನಾ ಮಾದರಿಯದು ಮೂರು ನಾಲ್ಕು ಅಡಿಯವರೆಗೂ ಹೋಗುತ್ತದೆ. ಆಳೆತ್ತರ ನಿಲ್ಲುವ ಗಡಿಯಾರಗಳು ಅಷ್ಟು ಎತ್ತರವಿರುವುದು ಬರೀ ಗತ್ತಿಗಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ತೂಗಲು ಸರಿಯಾಗಿ ಒಂದು ಸೆಕೆಂಡು ಹಿಡಿಯಬೇಕೆಂದರೆ ಪೆಂಡುಲಂ ಸುಮಾರು 99.4 ಸೆಂಟಿಮೀಟರ್ ಇರಲೇಬೇಕು. ನಮ್ಮ ಫ್ಲಾಟಿನ ತಗ್ಗು ಚಾವಣಿಗೆ ಅದು ಹೊಂದುವಂತಿರಲಿಲ್ಲ. ಹಳೆ ದಿನಪತ್ರಿಕೆಯನ್ನು ಗಡಿಯಾರದ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಸೋಫಾದಲ್ಲಿ ಕೂತು, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಎಂಟು ಮೂಲೆಯದೇ ಸರಿ ಎಂದು ಅಲ್ಲೇ ತೀರ್ಮಾನವಾಯಿತು. ಅಲಂಕಾರದ ಬಗ್ಗೆ ನನಗೆ ಗೊತ್ತಾದದ್ದಿಷ್ಟು: ಹಳೆ ಗಡಿಯಾರಕ್ಕೆ ಸುತ್ತಲೂ ಖಾಲಿ ಗೋಡೆ ಬೇಕು. ಪಕ್ಕದಲ್ಲಿ ಫೋಟೊ, ಕ್ಯಾಲೆಂಡರ್ ಬಂದರೆ ಎರಡೂ ಕೆಡುತ್ತವೆ.

ಹುಡುಕಾಟಕ್ಕೆ ಚಿಕ್ಕಪೇಟೆ ಕಡೆಯ ಭಾನುವಾರದ ಬಜಾರು, ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಡಯಲ್ ಮೇಲೆ ಮತ್ತೆ ಮತ್ತೆ ಕಾಣುವ ಹೆಸರುಗಳು ಕೆಲವೇ. ಆನ್ಸೋನಿಯಾ, ಸೆತ್ ಥಾಮಸ್ ಅಮೆರಿಕದ ಕನೆಕ್ಟಿಕಟ್ ಮೂಲದವು. ಎಂಟು ಮೊನೆಯ ನಕ್ಷತ್ರದ ಗುರುತಿದ್ದರೆ ಅದು ಜರ್ಮನಿಯ ಯುಂಗ್‌ಹಾನ್ಸ್, 1861ರಲ್ಲಿ ಶುರುವಾದದ್ದು. ಕತ್ತರಿಯಾಕಾರದಲ್ಲಿ ಎರಡು ಬಾಣಗಳಿದ್ದರೆ ಹ್ಯಾಂಬರ್ಗ್ ಅಮೆರಿಕನ್ ಕಂಪನಿ. ಅದು 1930ರಲ್ಲಿ ಯುಂಗ್‌ಹಾನ್ಸ್‌ನೊಳಗೆ ಸೇರಿಹೋಯಿತು. ಜಪಾನಿನ ಸೈಕೋಶಾ ಕೂಡ ಸಿಗುತ್ತದೆ. ಇಂದಿನ ಸೈಕೋ ಕಂಪನಿಯ ಈ ಕಾರ್ಖಾನೆ 1892ರಲ್ಲಿ ಗೋಡೆ ಗಡಿಯಾರದಿಂದಲೇ ಕೆಲಸ ಆರಂಭಿಸಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ, ಬಾಂಬೆ ಎಂದಿದ್ದರೆ ಅದು ಮಾರಿದವರ ಹೆಸರು. ಮಾಡಿದವರ ಗುರುತನ್ನು ಒಳಗಿನ ಹಿತ್ತಾಳೆ ತಗಡಿನ ಮೇಲೆ ಹುಡುಕಬೇಕು.

ಡಯಲ್ ಮೇಲಿನ ಹೆಸರೊಂದನ್ನೇ ನಂಬುವಂತಿಲ್ಲ. ಆನ್ಸೋನಿಯಾ ಕಂಪನಿ 1929ರಲ್ಲಿ ಮುಚ್ಚಿ, ಅದರ ಯಂತ್ರೋಪಕರಣಗಳಲ್ಲಿ ಹೆಚ್ಚಿನವು ಸೋವಿಯತ್ ರಷ್ಯಕ್ಕೆ ಮಾರಾಟವಾದವು. ಆ ಹೆಸರಿನ ಡಯಲ್ ಮಾತ್ರ ಹೊಸ ಕಾಗದದ ಮೇಲೆ ಇಂದಿಗೂ ಅಚ್ಚಾಗುತ್ತದೆ. ಇನ್ನೊಂದು, ಎರಡು ಮುಖದ, ಗೋಡೆಯಿಂದ ಹೊರಚಾಚುವ ‘ಸ್ಟೇಷನ್’ ಗಡಿಯಾರ. ‘ವಿಕ್ಟೋರಿಯಾ ಸ್ಟೇಷನ್ 1747 ಲಂಡನ್’ ಎಂದು ಬರೆದಿರುವುದನ್ನು ಅಂಗಡಿಯವರು ಹೆಮ್ಮೆಯಿಂದ ತೋರಿಸುತ್ತಾರೆ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣ ತೆರೆದದ್ದು 1860ರಲ್ಲಿ. 1747ರಲ್ಲಿ ಉಗಿಬಂಡಿಯೇ ಇರಲಿಲ್ಲ, ರಾಣಿ ವಿಕ್ಟೋರಿಯಾ ಹುಟ್ಟಿರಲಿಲ್ಲ. ಹೊಸದೆಂದು ತಿಳಿದು, ಹೊಸದರ ಬೆಲೆಗೆ ಕೊಳ್ಳುವುದಾದರೆ ಅದೂ ಚೆನ್ನಾಗಿಯೇ ಕಾಣುತ್ತದೆ. ಪುರಾತನ ವಸ್ತುವಿನ ಬೆಲೆ ಕೊಡುವುದು ಅನ್ಯಾಯ.

ಯಾವುದಾದರೂ ಮನಸ್ಸಿಗೆ ಹಿಡಿಸಿದರೆ ಮೊದಲು ಬಾಗಿಲು ತೆಗೆಸಿ ಒಳಗೆ ಟಾರ್ಚ್ ಬಿಡುತ್ತಿದ್ದೆ. ಕಪ್ಪು ಪ್ಲಾಸ್ಟಿಕ್ಕಿನ ಚೌಕ ಡಬ್ಬಿ ಕಂಡರೆ ಅಲ್ಲಿಗೆ ಮುಗಿಯಿತು, ಮೂಲ ಮಷಿನ್ ಗುಜರಿಗೆ ಹೋಗಿ ಸೆಲ್ ಮಷಿನ್ ಬಂದಿದೆ. ಹಿತ್ತಾಳೆ ಮಷಿನ್ ಇದ್ದರೆ, ಅದನ್ನು ಮರಕ್ಕೆ ಬಿಗಿದ ಸ್ಕ್ರೂಗಳ ಪಕ್ಕ ಬೇರೆ ಹಳೆ ತೂತುಗಳಿವೆಯೇ ನೋಡುತ್ತಿದ್ದೆ. ಇದ್ದರೆ ಪೆಟ್ಟಿಗೆ ಒಂದರದು, ಮಷಿನ್ ಇನ್ನೊಂದರದು ಇರಬಹುದು. ಚಕ್ರದ ಕಡ್ಡಿಗಳ ತುದಿ ಕೂರುವ ತೂತುಗಳ ಸುತ್ತ ಚುಕ್ಕಿ ಚುಕ್ಕಿಯಾಗಿ ಉಳಿ ಹೊಡೆದ ಗುರುತಿದ್ದರೆ, ಸವೆದು ಅಗಲವಾದ ತೂತನ್ನು ಯಾರೋ ಬಡಿದು ಕಿರಿದು ಮಾಡಿದ್ದಾರೆ ಎಂದು ತಿಳಿಯಬೇಕು. ಅದನ್ನು ಸರಿಪಡಿಸಬಹುದು, ಆದರೆ ಖರ್ಚು ಲೆಕ್ಕಕ್ಕೆ ಹಿಡಿಯಬೇಕು.

ಆಮೇಲೆ ಕಿವಿ. ಅಂಗಡಿಯ ಗದ್ದಲದಲ್ಲೂ ಪೆಟ್ಟಿಗೆಗೆ ಕಿವಿ ಹಚ್ಚಿ ಕೇಳಿದರೆ ‘ಟಿಕ್’, ‘ಟಾಕ್’ ನಡುವಿನ ಅಂತರ ಸಮನಾಗಿರಬೇಕು. ಕುಂಟುತ್ತಿದ್ದರೆ ಗಾಬರಿ ಬೇಡ. ಗಡಿಯಾರವನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ವಾಲಿಸಿದಾಗ ನಡೆ ಸಮವಾದರೆ ದೋಷ ಮಷಿನ್‌ನದಲ್ಲ, ನೇತುಹಾಕಿದ ಓರೆಯದು. ಗಂಟೆಯ ದನಿಯನ್ನೂ ಕೇಳದೆ ದುಡ್ಡು ಕೊಡಬಾರದು. ಸುರುಳಿ ಸುತ್ತಿದ ಉಕ್ಕಿನ ತಂತಿಗೆ ಸುತ್ತಿಗೆ ಬಿದ್ದರೆ ಗಂಭೀರ ನಾದ, ಬಟ್ಟಲಿನಂಥ ಗಂಟೆಗೆ ಬಿದ್ದರೆ ಚುರುಕು ಸದ್ದು. ನಾನು ಸುರುಳಿಯದನ್ನೇ ಆರಿಸಿದೆ. ಪ್ರತಿ ಗಂಟೆಗೂ ಅಷ್ಟಷ್ಟು, ಅರ್ಧ ಗಂಟೆಗೆ ಒಂದೊಂದು ಹೊಡೆಯುವ ಗಡಿಯಾರ ದಿನಕ್ಕೆ 180 ಸಲ ಬಾರಿಸುತ್ತದೆ. ಪುಟ್ಟ ಮಕ್ಕಳು, ನಿದ್ದೆ ಕಡಿಮೆ ಇರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಡಯಲ್‌ನಲ್ಲಿ ಎರಡು ತೂತಿದ್ದರೆ ಸಾಮಾನ್ಯವಾಗಿ ಬಲಗಡೆಯದು ಓಟಕ್ಕೆ, ಎಡಗಡೆಯದು ಗಂಟೆಗೆ. ಎಡಕ್ಕೆ ಕೀಲಿ ಕೊಡದೆ ಬಿಟ್ಟರೆ ಗಡಿಯಾರ ಮೌನವಾಗಿ ಓಡುತ್ತದೆ.

ಕೊನೆಗೆ ಒಪ್ಪಿದ್ದು ತೀರ ಸರಳವಾದ ಒಂದು ಯುಂಗ್‌ಹಾನ್ಸ್. ಕೆತ್ತನೆಯಿಲ್ಲ, ಡಯಲ್ ಹಳದಿಯಾಗಿದೆ, ಐದರ ಹತ್ತಿರ ಬಣ್ಣ ಎದ್ದಿದೆ. ಪಕ್ಕದಲ್ಲೇ ಹೂಬಳ್ಳಿ ಕೆತ್ತಿದ, ಹೊಳೆಯುವ ವಾರ್ನಿಷ್ ಬಳಿದ ಇನ್ನೊಂದಿತ್ತು, ಒಳಗೆ ಸೆಲ್ ಮಷಿನ್. ನನಗೆ ಯೋಚಿಸಲು ಏನೂ ಇರಲಿಲ್ಲ. ಡಯಲ್‌ಗೆ ಬಣ್ಣ ಹೊಡೆಸಲಿಲ್ಲ, ಪೆಟ್ಟಿಗೆಯ ಹಳೆ ಅರಗಿನ ಪಾಲಿಶ್ ಕೆರೆಸಲಿಲ್ಲ. ಗೆದ್ದಲು ತಿಂದ ಗುರುತು ಹಿಂಬದಿಯ ಹಲಗೆಯಲ್ಲಿದೆಯೇ ಎಂದು ಮಾತ್ರ ಉಗುರಿನಿಂದ ಒತ್ತಿ ನೋಡಿದೆ.

ಮನೆಗೆ ತರುವ ಮೊದಲೇ ರಿಪೇರಿಯವರ ಹತ್ತಿರ ಒಯ್ದೆ. ಚಿಕ್ಕಪೇಟೆಯ ಓಣಿಯಲ್ಲಿ ಕೂರುವ ಹಿರಿಯರು, ಮಾತು ಕಡಿಮೆ. ಮಷಿನ್ ಪೂರ್ತಿ ಬಿಚ್ಚಿ ತೊಳೆದು ಕೂರಿಸಿದ ಮೇಲೆ ಹೇಳಿದರು: “ಕೊಬ್ಬರಿ ಎಣ್ಣೆ ಮಾತ್ರ ಹಾಕ್ಬೇಡಿ ಸ್ವಾಮಿ. ಚಳಿಗೆ ಗಟ್ಟಿಯಾಗತ್ತೆ, ಧೂಳು ಸೇರಿ ಮೇಣ ಆಗತ್ತೆ. ಎಣ್ಣೆ ಬೇಕಾದಾಗ ಇಲ್ಲಿಗೇ ತನ್ನಿ.” ಬಿಗಿದ ಸ್ಪ್ರಿಂಗ್ ಬಿಚ್ಚುವ ಕೆಲಸಕ್ಕಂತೂ ಮನೆಯಲ್ಲಿ ಯಾರೂ ಕೈ ಹಾಕಬಾರದು. ಜಾರಿದರೆ ಬೆರಳು ಹೋಗುತ್ತದೆ. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದ ಹಳೆ ಅಲಾರಂ ಗಡಿಯಾರಗಳದ್ದು ಬೇರೆಯೇ ಎಚ್ಚರ. ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ, ಗಾಜು ತೆಗೆದು ಮುಳ್ಳು ಕೆರೆಯಬಾರದು.

ನೇತುಹಾಕಿದ್ದು ಇಟ್ಟಿಗೆ ಗೋಡೆಗೆ, ಬಿಸಿಲು ಬೀಳದ ಕಡೆ. ಜಿಪ್ಸಂ ಹಲಗೆಯ ಗೋಡೆ ಅಲುಗುತ್ತದೆ, ಸದ್ದನ್ನು ಪಕ್ಕದ ಕೋಣೆಗೂ ಹಬ್ಬಿಸುತ್ತದೆ. ಗಡಿಯಾರ ಹಿಂದೆ ಹೋಗುತ್ತಿದ್ದರೆ ಪೆಂಡುಲಂ ಕೆಳಗಿನ ತಿರುಪನ್ನು ಮೇಲಕ್ಕೆ, ಮುಂದೆ ಹೋಗುತ್ತಿದ್ದರೆ ಕೆಳಕ್ಕೆ ತಿರುಗಿಸಬೇಕು. ಒಂದು ಸಲ ಚೂರು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಹಿತ್ತಾಳೆ ಕಡ್ಡಿಯ ಪೆಂಡುಲಂ ಆದರೆ ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಡಿಗ್ರಿ ಏರಿದರೆ ದಿನಕ್ಕೆ ಸುಮಾರು 8 ಸೆಕೆಂಡು ಹಿಂದೆ ಬೀಳುತ್ತದೆ, ಬೇಸಿಗೆಯಲ್ಲಿ ಅಷ್ಟನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಟು ದಿನ ಓಡುವ ಗಡಿಯಾರವಾದ್ದರಿಂದ ಪ್ರತಿ ಭಾನುವಾರ ಬೆಳಿಗ್ಗೆ ಕೀಲಿ. ಮುಳ್ಳನ್ನು ಹಿಂದಕ್ಕೆ ತಿರುಗಿಸುವುದಿಲ್ಲ, ಗಂಟೆಯ ಲೆಕ್ಕ ತಪ್ಪುತ್ತದೆ.

ನಮ್ಮ ಗಡಿಯಾರ ನೋಡಿದ ಅಮೆರಿಕದ ನೆಂಟರು ತಮಗೂ ಒಂದು ಕಳಿಸಿ ಎಂದರು. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಬಂದರೆ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅನುಮಾನವಿದ್ದರೆ ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಅವರಿಗೆ ಅಲ್ಲಿಯೇ ಒಂದು ಸೆತ್ ಥಾಮಸ್ ಹುಡುಕಿಕೊಳ್ಳಲು ಹೇಳಿದೆ. ಅದು ಅವರೂರಿನ ಗಡಿಯಾರವೇ. ಸಾಗಿಸುವ ಮುನ್ನ ಪೆಂಡುಲಂ ಕಳಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಲು ಮರೆಯಬೇಡಿ ಎಂದೂ ಹೇಳಿದೆ. ಅದನ್ನು ಹಿಡಿದಿರುವ ತೆಳು ಉಕ್ಕಿನ ಪಟ್ಟಿ ಗಾಡಿಯ ಒಂದೇ ಕುಲುಕಿಗೆ ಮುರಿಯಬಹುದು.