ಕ್ಯಾನ್ಸರ್ ನೋವಿಗೆ ಗುಳಿಗಿ ಒಂದ ಸಾಲಂಗಿಲ್ಲ, ಜೋಡಿಗೆ ಇವನ್ನೂ ಮಾಡ್ರಿ

ವಿಜಯಪುರದಾಗ ನಮ್ಮ ಅವ್ವನ್ನ ಮನ್ಯಾಗ ನೋಡ್ಕೊಂಡಾಗ ಕಲತದ್ದು ಹೇಳ್ತೀನ್ರಿ. ನೋವು ಜೋರಾದ ಮ್ಯಾಲೆ ಗುಳಿಗಿ ಹುಡುಕೂದಲ್ಲ, ಡಾಕ್ಟರ್ ಹೇಳಿದ ಟೈಮಿಗೆ ಕೊಡಬೇಕು, ಸಾದಾ ಮಾರ್ಫಿನ್ (ಜೋರು ನೋವಿಗೆ ಡಾಕ್ಟರ್ ಬರದು ಕೊಡೂ ಗುಳಿಗಿ) ಸುಮಾರು 4 ತಾಸಷ್ಟ ಕೆಲಸ ಮಾಡ್ತದ, ಅದಕ್ಕ ಫೋನಿನ್ಯಾಗ ಅಲಾರ್ಮ್ ಇಡ್ರಿ. ಚಟ ಹತ್ತತದ ಅಂತ ಮಂದಿ ಹೆದರಸ್ತಾರ, ನೋವಿಗೆ ಡಾಕ್ಟರ್ ಹೇಳಿದಷ್ಟ ತಗೊಂಡ್ರ ಹಂಗಾಗೂದು ಭಾಳ ಕಮ್ಮಿ, ಆದ್ರ ನೀವ ಡೋಸ್ ಹೆಚ್ಚುಕಮ್ಮಿ ಮಾಡಬ್ಯಾಡ್ರಿ, ಒಮ್ಮಿಗೇ ನಿಲ್ಲಸಬ್ಯಾಡ್ರಿ. ಮಾರ್ಫಿನ್‌ದಿಂದ ಹೆಚ್ಚಿನವ್ರಿಗೆ ಮಲಬದ್ಧತೆ ಆಗ್ತದ, ಮೊದಲ ದಿನಾನ ಅದಕ್ಕೂ ಔಷಧ ಬರಸ್ಕೋರಿ. ಎಬ್ಬಿಸಿದ್ರೂ ಏಳದಂಗ ಮಂಪರಾದ್ರ, ಉಸಿರು ಭಾಳ ನಿಧಾನ ಆದ್ರ ತಡಾ ಮಾಡದ ದವಾಖಾನಿಗೆ ಒಯ್ಯಿರಿ.

ಗುಳಿಗಿ ಹತ್ತೂತನಕ ಅರ್ಧಾ ತಾಸರೆ ಬೇಕಲ್ಲ, ಆಗ ಅವ್ವನ ಅಂಗೈ ಹಿಡ್ಕೊಂಡು ಕೂಡ್ತಿದ್ದೆ, ಸಣ್ಣ ದನಿಲೆ ವಚನ ಹಚ್ಚಿಟ್ಟು, ಮೂಗಿನಿಂದ ಮೆಲ್ಲಕ ಉಸಿರು ಒಳಗ, ಬಾಯಿಂದ ಇನ್ನೂ ಮೆಲ್ಲಕ ಹೊರಗ, ಹತ್ತು ಸಲ. ಬಿಗಿಹಿಡಿದ ಭುಜ ಸಡಲಾಗೂದು ಕಣ್ಣಿಗೆ ಕಾಣ್ತಿತ್ತು.

ನೋವು 0ದಿಂದ 10ರಾಗ ಎಷ್ಟಂತ ಕೇಳಿ ನೋಟ್‌ಬುಕ್ಕಿನ್ಯಾಗ ಬರೀರಿ, ಡಾಕ್ಟರಿಗೆ ತೋರಿಸ್ರಿ. ಮಾತಾಡ್ಸಾಕ ಬಂದ ಬೀಗರಿಗೆ ಒಂದೊಂದು ರಾತ್ರಿ ಪಾಳಿ ಹಂಚ್ರಿ, ನೀವೂ ನಿದ್ದಿ ಮಾಡ್ಬೇಕ್ರಿ.