ಹನ್ನೆರಡೇ ಎಲೆಯಿಂದ ಶುರು: ‘ಲೆಜೆಂಡರಿ’ ಆಡುವ ಬಗೆ

ಇಸ್ಪೀಟು ಕಟ್ಟು ಕಂಡರೆ ಹುಬ್ಬೇರಿಸುವ ಹಿರಿಯರು ಮನೆಯಲ್ಲಿದ್ದರೆ ಮೊದಲೇ ಹೇಳಿಬಿಡಿ: ಇದರಲ್ಲಿ ಪಣವಿಲ್ಲ, ರಾಜ–ರಾಣಿಯರಿಲ್ಲ, ಒಬ್ಬರ ಜೇಬಿನ ಮೇಲೆ ಇನ್ನೊಬ್ಬರ ಕಣ್ಣಿಲ್ಲ. ‘ಲೆಜೆಂಡರಿ’ ಮಾರ್ವೆಲ್ ಸೂಪರ್‌ಹೀರೋಗಳ ಕಾರ್ಡ್ ಆಟ. ಅಮೆರಿಕದ ಅಪ್ಪರ್ ಡೆಕ್ ಕಂಪನಿ ಇದನ್ನು 2012ರಲ್ಲಿ ಹೊರತಂದಿತು. ರೂಪಿಸಿದವರು ಡೆವಿನ್ ಲೋ. ಒಬ್ಬರಿಂದ ಐವರವರೆಗೆ ಆಡಬಹುದು. ಆಟಗಾರರೆಲ್ಲ ಒಂದು ಪಕ್ಷ, ಎದುರಾಳಿ ಎಂದರೆ ಮೇಜಿನ ಮೇಲಿನ ಖಳರ ಕಟ್ಟು.

ರಮ್ಮಿಯಲ್ಲಿ ಯಾರಿಗೆ ಯಾವ ಎಲೆ ಹಂಚಿಕೆಯಾಗುತ್ತದೆ ಎಂಬುದು ಅದೃಷ್ಟ. ಇಲ್ಲಿ ಎಲ್ಲರಿಗೂ ಒಂದೇ ಥರದ ಬಡಪಾಯಿ ಕಟ್ಟು ಸಿಗುತ್ತದೆ. ಆಡುತ್ತಾ ಆಡುತ್ತಾ ಅದನ್ನು ತಿದ್ದಿಕೊಳ್ಳಬೇಕು. ಹೊಸಬರು ‘ಡೆಕ್ ಕಟ್ಟುವುದು’ ಎಂದರೆ ಒಳ್ಳೆಯ ಎಲೆಗಳನ್ನು ಸೇರಿಸುತ್ತಾ ಹೋಗುವುದು ಎಂದುಕೊಂಡು ಸೋಲುತ್ತಾರೆ. ಅರ್ಧ ಆಟ ಇರುವುದು ಕಳೆಯುವುದರಲ್ಲಿ. ಅದರ ಲೆಕ್ಕಕ್ಕೆ ಆಮೇಲೆ ಬರೋಣ.

ಮೇಜು ಹಾಸುವ ಮುನ್ನ

ಪೆಟ್ಟಿಗೆಯಲ್ಲಿ ಬೋರ್ಡ್ ಜತೆಗೆ 500 ಎಲೆಗಳಿರುತ್ತವೆ. ಟೀಪಾಯಿ ಸಾಲದು, ಊಟದ ಮೇಜು ಬೇಕು. ಇಲ್ಲವೇ ಜಮಖಾನ ಹಾಸಿ ನೆಲದ ಮೇಲೆ ಕೂರುವುದು ಒಳಿತು. ಸೀಲಿಂಗ್ ಫ್ಯಾನ್ ನೇರ ಕೆಳಗೆ ಮಾತ್ರ ಬೇಡ, ಏಪ್ರಿಲ್ ಸೆಕೆಗೆ ಫ್ಯಾನ್ ಜೋರು ಮಾಡಿದರೆ ಖಳರೆಲ್ಲ ಸೋಫಾದ ಕೆಳಗೆ ಹೋಗಿ ಕೂರುತ್ತಾರೆ. ಭಾನುವಾರ ಬೆಳಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಂದಿದ್ದರೆ ತಿಂದು ಕೈ ತೊಳೆದುಕೊಂಡೇ ಆಟಕ್ಕೆ ಬನ್ನಿ. ಬೆಣ್ಣೆ ಅಂಟಿದ ಎಲೆಯನ್ನು ಮುಂದಿನ ಆಟದಲ್ಲಿ ಹಿಂಬದಿಯಿಂದಲೇ ಗುರುತಿಸಬಹುದು, ಕಲೆಸಿಯೂ ಪ್ರಯೋಜನವಿಲ್ಲ. ಎಲೆಗಳ ಮೇಲಿನ ಬರಹವೆಲ್ಲ ಇಂಗ್ಲಿಷಿನದು. ಮಕ್ಕಳು, ಅಜ್ಜ–ಅಜ್ಜಿ ಸೇರಿದ್ದರೆ ಎಲೆ ಬಿದ್ದಾಗಲೆಲ್ಲ ಒಬ್ಬರು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಲಿ.

ಮೂವರ ಮೊದಲ ಆಟ

ಮೂವರು ಕೂತರೆ ಆಟಕ್ಕೆ ಒಳ್ಳೆಯ ಹದ. ಒಬ್ಬೊಬ್ಬರಿಗೂ ಶೀಲ್ಡ್ (ಮಾರ್ವೆಲ್ ಕತೆಗಳ ಗೂಢಚಾರ ಸಂಸ್ಥೆ) ಏಜೆಂಟ್ ಎಲೆ 8, ಟ್ರೂಪರ್ ಎಲೆ 4, ಒಟ್ಟು 12. ಏಜೆಂಟ್ 1 ರಿಕ್ರೂಟ್ ಅಂಕ ಕೊಡುತ್ತಾನೆ (ನಕ್ಷತ್ರದ ಗುರುತು, ಹೀರೋ ಕೊಳ್ಳಲು), ಟ್ರೂಪರ್ 1 ಅಟ್ಯಾಕ್ ಅಂಕ (ಉಗುರಿನ ಗೀರು, ಹೊಡೆಯಲು). ಕಲೆಸಿ 6 ಎಲೆ ಕೈಗೆ ತೆಗೆದುಕೊಳ್ಳಿ.

ಹೀರೋ ಕಟ್ಟಿಗೆ 5 ಹೀರೋಗಳನ್ನು ಆರಿಸಿ. ಒಬ್ಬ ಹೀರೋಗೆ 14 ಎಲೆ: ಎರಡು ಬಗೆಯ ಸಾಮಾನ್ಯ ಎಲೆಗಳು ಐದೈದು, ಅಪರೂಪದ್ದು 3, ತೀರಾ ಅಪರೂಪದ್ದು 1. ಎಪ್ಪತ್ತು ಎಲೆಯನ್ನೂ ಚೆನ್ನಾಗಿ ಕಲೆಸಿ, ಐದನ್ನು ಹೆಡ್‌ಕ್ವಾರ್ಟರ್ಸ್ ಸಾಲಿನಲ್ಲಿ ತೆರೆದಿಡಿ, ಹೀರೋ ಕೊಳ್ಳುವ ಅಂಗಡಿ ಇದೇ. ಮೊದಲ ಸಲಕ್ಕೆ ಕ್ಯಾಪ್ಟನ್ ಅಮೆರಿಕ, ಐರನ್ ಮ್ಯಾನ್, ಬ್ಲ್ಯಾಕ್ ವಿಡೋ, ಸ್ಪೈಡರ್‌ಮ್ಯಾನ್, ಹಲ್ಕ್ ಸಾಕು. ಸ್ಪೈಡರ್‌ಮ್ಯಾನ್‌ನ ಎಲೆಗಳೆಲ್ಲ 2 ಅಂಕಕ್ಕೆ ಸಿಗುತ್ತವೆ, ಮೊದಲ ಸುತ್ತಿನಲ್ಲಿ ಯಾರೂ ಬರಿಗೈಯಲ್ಲಿ ಏಳುವುದಿಲ್ಲ.

ಖಳನಾಯಕನಾಗಿ ರೆಡ್ ಸ್ಕಲ್. ಮೂಲ ಪೆಟ್ಟಿಗೆಯ ನಾಲ್ವರಲ್ಲಿ ಇವನೇ ಸುಲಭದವನು: ಹೊಡೆಯಲು 7 ಅಟ್ಯಾಕ್ ಸಾಕು. ಮ್ಯಾಗ್ನೆಟೋಗೆ 8, ಡಾಕ್ಟರ್ ಡೂಮ್‌ಗೆ 9, ಲೋಕಿಗೆ 10 ಬೇಕು. ಯಾರೇ ಆದರೂ ನಾಲ್ಕು ಸಲ ಹೊಡೆಯಬೇಕು. ಅವನ ಕೆಳಗೆ ನಾಲ್ಕು ಟ್ಯಾಕ್ಟಿಕ್ ಎಲೆಗಳನ್ನು ಕಲೆಸಿ ಮಗುಚಿಡಿ; ಹೊಡೆದಾಗಲೆಲ್ಲ ಒಂದನ್ನು ಎತ್ತಿಕೊಳ್ಳುವುದು.

ಖಳನಾಯಕ ಹೂಡುವ ಸಂಚಿನ ಎಲೆಯಾಗಿ ‘ಕಾಸ್ಮಿಕ್ ಕ್ಯೂಬ್’ ತೆಗೆದುಕೊಳ್ಳಿ. ಇದರಲ್ಲಿ ಸಂಚನ್ನು ಮುಂದೊತ್ತುವ 8 ಟ್ವಿಸ್ಟ್ ಎಲೆಗಳು. ಮೊದಲ ನಾಲ್ಕು ಬಂದರೆ ಏನೂ ಆಗುವುದಿಲ್ಲ. 5 ಮತ್ತು 6ನೆಯದಕ್ಕೆ ಎಲ್ಲರಿಗೂ ಒಂದೊಂದು ಗಾಯದ ಎಲೆ, 7ಕ್ಕೆ ಮೂರು ಮೂರು, 8 ಬಂದರೆ ಆಟ ಮುಗಿಯಿತು, ಗೆದ್ದದ್ದು ಖಳ. ಕಲಿಯುವವರಿಗೆ ಇಷ್ಟು ಉದಾರವಾದ ಸಂಚು ಇನ್ನೊಂದಿಲ್ಲ.

ಖಳರ ಕಟ್ಟಿನಲ್ಲಿ ತಪ್ಪುಗಳು ಹೆಚ್ಚು, ಎಣಿಸಿಯೇ ಹಾಕಿ. ಖಳರ ಗುಂಪು 3, ತಲಾ 8 ಎಲೆ, ಅಲ್ಲಿಗೆ 24. ರೆಡ್ ಸ್ಕಲ್ ಇದ್ದ ಮೇಲೆ ಹೈಡ್ರಾ ಗುಂಪು ಇರಲೇಬೇಕು, ಉಳಿದೆರಡು ನಿಮ್ಮಿಷ್ಟ. ಪುಡಿ ಬಂಟರ ಗುಂಪು ಒಂದು, 10 ಎಲೆ. ಇದಕ್ಕೆ ಸೆಂಟಿನೆಲ್‌ಗಳನ್ನೇ ತೆಗೆದುಕೊಳ್ಳಿ, ಕಾರಣ ಮುಂದಿದೆ. ದಾರಿಹೋಕರು (ಖಳರು ಸೆರೆಹಿಡಿಯುವ ಅಮಾಯಕರು) 8, ಟ್ವಿಸ್ಟ್ 8, ಮಾಸ್ಟರ್ ಸ್ಟ್ರೈಕ್ (ಖಳನಾಯಕನ ಏಟಿನ ಎಲೆ) 5. ಒಟ್ಟು 55. ಇಬ್ಬರೇ ಆಡುವುದಾದರೆ ಖಳರ ಗುಂಪು 2, ದಾರಿಹೋಕರು 2. ನಾಲ್ವರಿದ್ದರೆ ಖಳರು ಮೂರೇ ಗುಂಪು, ಬಂಟರು ಎರಡು ಗುಂಪು.

ಬಿ.ಎಚ್. ರಸ್ತೆಯಲ್ಲಿ ಖಳರು

ಬೋರ್ಡಿನ ನಗರದಲ್ಲಿ ಐದು ನಿಲ್ದಾಣ: ಚರಂಡಿ, ಬ್ಯಾಂಕು, ಮಾಳಿಗೆ, ಬೀದಿ, ಸೇತುವೆ. ಖಳ ಚರಂಡಿಯಲ್ಲಿ ಒಳಬಂದು ಸೇತುವೆ ದಾಟಿ ತಪ್ಪಿಸಿಕೊಳ್ಳುತ್ತಾನೆ. ತುಮಕೂರಿನವರಿಗೆ ಇದನ್ನು ಹೇಳಿಕೊಡಲು ಬಿ.ಎಚ್. ರಸ್ತೆಯೇ ಸಾಕು. ಕ್ಯಾತ್ಸಂದ್ರದಲ್ಲಿ ಹೊಕ್ಕ ಬಸ್ಸು ಬಟವಾಡಿ, ಭದ್ರಮ್ಮ ಸರ್ಕಲ್, ಟೌನ್‌ಹಾಲ್, ಗುಬ್ಬಿ ಗೇಟ್ ಹೀಗೆ ಸಾಗಿ ಊರಾಚೆ ಹೋಯಿತು ಅಂದುಕೊಳ್ಳಿ. ಆದರೆ ಈ ಬಸ್ಸು ತಾನಾಗಿ ಹೊರಡುವುದಿಲ್ಲ. ಹಿಂದಿನಿಂದ ಇನ್ನೊಂದು ಬಂದು ಹಾರ್ನ್ ಹೊಡೆದರೆ ಮಾತ್ರ ಮುಂದಿನ ನಿಲ್ದಾಣಕ್ಕೆ ಜರುಗುತ್ತದೆ, ಮುಂದಿರುವುದನ್ನೂ ಜರುಗಿಸುತ್ತದೆ. ನಡುವೆ ಒಂದು ನಿಲ್ದಾಣ ಖಾಲಿಯಿದ್ದರೆ ತಳ್ಳಾಟ ಅಲ್ಲಿಗೇ ನಿಂತಿತು, ಅದರಾಚೆಯವರು ಅಲುಗುವುದಿಲ್ಲ. ಪ್ರತಿ ಸರದಿಗೂ ಎಲ್ಲ ಖಳರನ್ನೂ ಒಂದೊಂದು ಮನೆ ಮುಂದಿಡುವುದು ಹೊಸಬರ ನಂಬರ್ ಒನ್ ತಪ್ಪು. ಹಾಗೆ ಆಡಿದರೆ ಆಟ ಗೆಲ್ಲಲಾಗದಷ್ಟು ಬಿಗಿಯಾಗುತ್ತದೆ. ಟ್ವಿಸ್ಟ್, ಸ್ಟ್ರೈಕ್, ದಾರಿಹೋಕ ಇವು ಖಳರಲ್ಲ, ಇವು ಬಂದರೆ ಯಾರನ್ನೂ ತಳ್ಳುವಂತಿಲ್ಲ.

ಖಳ ತಪ್ಪಿಸಿಕೊಂಡರೆ ಹೆಡ್‌ಕ್ವಾರ್ಟರ್ಸ್‌ನಲ್ಲಿರುವ 6 ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಒಬ್ಬ ಹೀರೋ ಕೆ.ಓ., ಅಂದರೆ ಆಟದಿಂದಲೇ ಹೊರಗೆ. ತಪ್ಪಿಸಿಕೊಂಡ ಖಳನ ಕೈಯಲ್ಲಿ ದಾರಿಹೋಕ ಸೆರೆಯಿದ್ದರೆ ಎಲ್ಲರೂ ಒಂದೊಂದು ಎಲೆ ಎಸೆಯಬೇಕು. ಈ ದಂಡವನ್ನು ಮರೆಯುವವರೇ ಹೆಚ್ಚು.

ಒಂದು ಸರದಿ

ಮೊದಲು ಖಳರ ಕಟ್ಟಿನ ಮೇಲಿನ ಎಲೆ ತೆರೆಯಿರಿ. ದಾರಿಹೋಕ ಬಂದರೆ ಖಳರ ಕಟ್ಟಿಗೆ ಹತ್ತಿರವಿರುವ ಖಳ ಅವನನ್ನು ಹಿಡಿದಿಟ್ಟುಕೊಳ್ಳುತ್ತಾನೆ. ನಗರದಲ್ಲಿ ಯಾರೂ ಇಲ್ಲದಿದ್ದರೆ ಖಳನಾಯಕನೇ ಹಿಡಿಯುತ್ತಾನೆ. ಆಮೇಲೆ ಕೈಯಲ್ಲಿನ ಎಲೆಗಳನ್ನು ಒಂದೊಂದಾಗಿ ಇಳಿಸಿ, ಬಂದ ಅಂಕದಲ್ಲಿ ಕೊಳ್ಳಿ, ಹೊಡೆಯಿರಿ. ಎರಡನ್ನೂ ಯಾವ ಕ್ರಮದಲ್ಲಾದರೂ, ಎಷ್ಟು ಸಲವಾದರೂ ಮಾಡಬಹುದು. ಕೊಂಡ ಹೀರೋ ಕೈಗೆ ಬರುವುದಿಲ್ಲ, ನಿಮ್ಮ ಎಸೆದ ರಾಶಿಗೆ ಹೋಗುತ್ತಾನೆ. ಅವನ ಜಾಗವನ್ನು ಹೀರೋ ಕಟ್ಟಿನಿಂದ ತಕ್ಷಣ ತುಂಬಿ. ಕೊನೆಗೆ ಎಲ್ಲವನ್ನೂ ಎಸೆದು ಹೊಸದಾಗಿ 6 ಎಲೆ ಎತ್ತಿ. ಉಳಿದ ಅಂಕ ಮುಂದಿನ ಸರದಿಗೆ ದಾಟುವುದಿಲ್ಲ, ಪಕ್ಕದವರಿಗೆ ಕೊಡಲೂ ಬರುವುದಿಲ್ಲ. ಎತ್ತಲು ಎಲೆ ಸಾಲದಾದಾಗ ಮಾತ್ರ ಎಸೆದ ರಾಶಿಯನ್ನು ಕಲೆಸಿ ಹೊಸ ಕಟ್ಟು ಮಾಡಿಕೊಳ್ಳಿ, ಮೊದಲೇ ಅಲ್ಲ.

ಎಲೆ ಇಳಿಸುವ ಕ್ರಮದಲ್ಲಿ ಆಟದ ಅರ್ಧ ಜಾಣತನವಿದೆ. ಹಲವು ಎಲೆಗಳಲ್ಲಿ ಒಂದು ಗುರುತು, ಮುಂದೆ ಒಂದು ಶಕ್ತಿ ಬರೆದಿರುತ್ತದೆ. ಅದೇ ಗುರುತಿನ ಇನ್ನೊಂದು ಎಲೆಯನ್ನು ಅದೇ ಸರದಿಯಲ್ಲಿ ಮೊದಲೇ ಇಳಿಸಿದ್ದರೆ ಮಾತ್ರ ಆ ಶಕ್ತಿ ಸಿಗುತ್ತದೆ. ಆಮೇಲೆ ಇಳಿಸಿ ‘ಲೆಕ್ಕಕ್ಕೆ ತಗೊಳ್ಳಿ’ ಎಂದರೆ ಬರುವುದಿಲ್ಲ. ಇನ್ನೊಂದು ಎಲೆ ಎತ್ತಿಸುವ ಕಾರ್ಡ್‌ಗಳನ್ನು ಮೊದಲು ಇಳಿಸಿ, ಏನು ಬಂತು ನೋಡಿ, ಶರತ್ತು ಇರುವವನ್ನು ಕೊನೆಗೆ ಇಡಿ. ಆಟಗಾರರು ಪರಸ್ಪರ ಮಾತಾಡಿಕೊಳ್ಳಬಹುದು, ಮಾತಾಡಿಕೊಳ್ಳಲೇಬೇಕು. ಒಬ್ಬರು ಐರನ್ ಮ್ಯಾನ್‌ನ ಟೆಕ್ ಗುರುತಿನ ಎಲೆಗಳನ್ನು ಕೂಡಿಸುತ್ತಿದ್ದಾಗ ಇನ್ನೊಬ್ಬರು ನಡುವೆ ಒಂದನ್ನು ಕಿತ್ತುಕೊಂಡರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ. ಇಬ್ಬರ ಕಟ್ಟೂ ಕೆಡುತ್ತದೆ.

ಕಳೆಯುವ ಲೆಕ್ಕ

ಶುರುವಿನ ಕೈಯಲ್ಲಿ ಸರಾಸರಿ 4 ರಿಕ್ರೂಟ್, 2 ಅಟ್ಯಾಕ್. ಸೆಂಟಿನೆಲ್‌ನಂಥ ಪುಡಿ ಬಂಟನನ್ನು ಹೊಡೆಯಲೂ 3 ಅಟ್ಯಾಕ್ ಬೇಕು. ಹನ್ನೆರಡರಲ್ಲಿ ಆರು ಎತ್ತಿದಾಗ ಮೂರು ಅಥವಾ ನಾಲ್ಕೂ ಟ್ರೂಪರ್ ಬರುವ ಸಾಧ್ಯತೆ ಶೇ 27ರಷ್ಟು. ಹಾಗಾಗಿ ಮೊದಲ ಎರಡು ಸುತ್ತು ಹೊಡೆದಾಟ ಅದೃಷ್ಟದ ಮಾತು. ಅಂಗಡಿ ವ್ಯಾಪಾರಕ್ಕೆ ಗಮನ ಕೊಡಿ.

ಹತ್ತು ಸುತ್ತಿನ ಮೇಲೆ ನಿಮ್ಮ ಬಳಿ ತಲಾ 2 ಅಟ್ಯಾಕ್ ಕೊಡುವ 8 ಹೀರೋಗಳಿದ್ದಾರೆ ಎಂದಿಟ್ಟುಕೊಳ್ಳಿ. ಹಳೆಯ 12 ಎಲೆ ಸೇರಿ ಕಟ್ಟು 20. ಟ್ರೂಪರ್‌ಗಳ 4 ಸೇರಿ ಇಡೀ ಕಟ್ಟಿನ ಅಟ್ಯಾಕ್ 20. ಆರೆಲೆಯ ಕೈಗೆ ಸರಾಸರಿ 6. ರೆಡ್ ಸ್ಕಲ್‌ಗೆ ಬೇಕಾದ್ದು 7. ಈಗ ಹೊಸ ಹೀರೋ ಒಬ್ಬನನ್ನೂ ಸೇರಿಸದೆ ಆರು ಏಜೆಂಟರನ್ನು ಹೊರಹಾಕಿ ನೋಡಿ: ಕಟ್ಟು 14, ಅಟ್ಯಾಕ್ ಅದೇ 20, ಕೈಗೆ ಸರಾಸರಿ ಎಂಟೂವರೆ. ಹೊಲದಲ್ಲಿ ಕಳೆ ಕಿತ್ತ ಹಾಗೆ, ಬೆಳೆ ಅಷ್ಟೇ, ಇಳುವರಿ ಬೇರೆ.

ಕಳೆ ಕೀಳಲು ಈ ಜೋಡಣೆಯಲ್ಲಿ ಮೂರು ದಾರಿಗಳಿವೆ. ಸೆಂಟಿನೆಲ್‌ನನ್ನು ಹೊಡೆದಾಗಲೆಲ್ಲ ನಿಮ್ಮದೇ ಒಬ್ಬ ಹೀರೋನನ್ನು ಕೆ.ಓ. ಮಾಡಬೇಕು, ಆಟದ ಲೆಕ್ಕದಲ್ಲಿ ಏಜೆಂಟ್ ಕೂಡ ಹೀರೋ, ಅವನನ್ನೇ ಕಳಿಸಿ. ಬ್ಲ್ಯಾಕ್ ವಿಡೋಳ ‘ಡೇಂಜರಸ್ ರೆಸ್ಕ್ಯೂ’ 3 ಅಂಕದ ಎಲೆ. ಮೊದಲು ಇನ್ನೊಂದು ಕೋವರ್ಟ್ ಗುರುತಿನ ಎಲೆ ಇಳಿಸಿದ್ದರೆ ಕೈಯಿಂದಲೋ ಎಸೆದ ರಾಶಿಯಿಂದಲೋ ಒಂದನ್ನು ತೆಗೆದುಹಾಕಿ ಒಬ್ಬ ದಾರಿಹೋಕನನ್ನೂ ಬಿಡಿಸಿಕೊಳ್ಳಬಹುದು. ಮೂರನೆಯದು ರೆಡ್ ಸ್ಕಲ್ ತಾನೇ ಕೊಡುವ ವರ. ಅವನ ಮಾಸ್ಟರ್ ಸ್ಟ್ರೈಕ್ ಬಂದರೆ ಪ್ರತಿಯೊಬ್ಬರೂ ಕೈಯಲ್ಲಿರುವ ಒಬ್ಬ ಹೀರೋನನ್ನು ಕೆ.ಓ. ಮಾಡಬೇಕು. ಹೊಸಬರು ಇದನ್ನು ಶಿಕ್ಷೆ ಎಂದುಕೊಂಡು ಹಲ್ಲು ಕಡಿಯುತ್ತಾರೆ. ಕೈಯಲ್ಲಿ ಒಬ್ಬ ಏಜೆಂಟ್ ಇರುವವರೆಗೆ ಅದು ಪುಕ್ಕಟೆ ಕಳೆ ಕೀಳುವ ಕೂಲಿ.

ಶೀಲ್ಡ್ ಆಫೀಸರ್ ಎಂಬ ಎಲೆ ಯಾವಾಗಲೂ 3 ಅಂಕಕ್ಕೆ ಸಿಗುತ್ತದೆ, 2 ರಿಕ್ರೂಟ್ ಕೊಡುತ್ತದೆ. ಮೊದಲ ಎರಡು ಸುತ್ತಿನಲ್ಲಿ ಒಂದೆರಡು ಕೊಳ್ಳಿ. ಆಮೇಲೂ ಕೊಂಡರೆ ಕೊನೆಗೆ ಕೈ ತುಂಬ ದುಡ್ಡಿದ್ದು ಹೊಡೆಯಲು ಒಬ್ಬನೂ ಇಲ್ಲದ ಸ್ಥಿತಿ. ರಿಕ್ರೂಟ್ ಅಂಕದಿಂದ ಯಾರನ್ನೂ ಹೊಡೆಯಲಾಗದು.

ಹೈಡ್ರಾ ಗುಂಪಿನಲ್ಲಿ ಒಂದು ಬಲೆಯಿದೆ. ‘ಎಂಡ್‌ಲೆಸ್ ಆರ್ಮೀಸ್’ ಎಲೆಗೆ 4 ಅಟ್ಯಾಕ್ ಸಾಕು, ಆದರೆ ಹೊಡೆದ ಕೂಡಲೇ ಖಳರ ಕಟ್ಟಿನಿಂದ ಇನ್ನೆರಡು ಎಲೆ ತೆರೆಯಬೇಕು. ಏಳು ಟ್ವಿಸ್ಟ್ ಬಂದಾಗಿದ್ದರೆ ಅದನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಿ.

ಗಾಯ ಮತ್ತು ಗಡುವು

ಗಾಯದ ಎಲೆ ಅಂಕ ಕೊಡದೆ ಕೈಯಲ್ಲಿ ಜಾಗ ತಿನ್ನುತ್ತದೆ. ಒಂದು ಸರದಿಯಲ್ಲಿ ಏನನ್ನೂ ಕೊಳ್ಳದೆ, ಯಾರನ್ನೂ ಹೊಡೆಯದೆ ಕೂತರೆ ಆ ಹೊತ್ತು ಕೈಯಲ್ಲಿರುವ ಗಾಯಗಳನ್ನೆಲ್ಲ ಕೆ.ಓ. ಮಾಡಬಹುದು. ಒಂದು ಗಾಯಕ್ಕಾಗಿ ಸರದಿ ಬಿಡುವುದು ನಷ್ಟ. ಮೂರು ಒಟ್ಟಿಗೆ ಬಂದಾಗ ಲಾಭ.

ಐವತ್ತೈದು ಎಲೆಯಲ್ಲಿ ಎಂಟನೆಯ ಟ್ವಿಸ್ಟ್ ಸರಾಸರಿ 50ನೆಯ ಎಲೆಯ ಹೊತ್ತಿಗೆ ಬರುತ್ತದೆ. ಮೂವರಿದ್ದರೆ ತಲಾ 16 ಸರದಿ. ಒಂಬತ್ತು–ಹತ್ತನೆಯ ಸರದಿಗೆ ರೆಡ್ ಸ್ಕಲ್‌ಗೆ ಮೊದಲ ಏಟು ಬೀಳದಿದ್ದರೆ ನೀವು ಪುಡಿ ಬಂಟರ ಹಿಂದೆ ಹೆಚ್ಚು ಓಡಿದ್ದೀರಿ ಎಂದರ್ಥ. ಕೈಯಲ್ಲಿ 14 ಅಟ್ಯಾಕ್ ಬಂದರೆ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯಿರಿ, ನಿಯಮದಲ್ಲಿ ತಡೆಯಿಲ್ಲ.

ಗೆದ್ದ ಮೇಲೆ ಅಂಕ ಎಣಿಸಿ: ರೆಡ್ ಸ್ಕಲ್‌ನ ಟ್ಯಾಕ್ಟಿಕ್ ಒಂದಕ್ಕೆ 5, ಬಂಟನಿಗೆ 1, ಬಿಡಿಸಿದ ದಾರಿಹೋಕನಿಗೆ 1, ಖಳರಿಗೆ ಎಲೆಯ ಮೇಲೆ ಬರೆದಷ್ಟು. ಎಲ್ಲರೂ ಸೇರಿ ಗೆದ್ದರೂ ಹೆಚ್ಚು ಅಂಕದವರು ಆ ದಿನದ ಮೊದಲಿಗರು. ಮಕ್ಕಳಿದ್ದರೆ ಈ ಭಾಗವನ್ನು ಬಿಟ್ಟರೂ ನಡೆದೀತು, ಜಗಳ ತಪ್ಪುತ್ತದೆ.

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಬೇಡ. ಎಲೆಯ ಅಂಚು ಕಚ್ಚುತ್ತದೆ, ಬೇಸಿಗೆಗೆ ಕರಗಿ ಅಂಟುತ್ತದೆ. ಒಬ್ಬೊಬ್ಬ ಹೀರೋಗೂ ಒಂದೊಂದು ಜಿಪ್ ಕವರ್ ಇಡಿ. ಮೊದಲು ಹೆಸರು ನೋಡಿ ಐದು ರಾಶಿ ಮಾಡಿ, ಆಮೇಲೆ ಒಂದೊಂದು ರಾಶಿಯನ್ನೂ ಐದು, ಐದು, ಮೂರು, ಒಂದು ಎಂದು ಎಣಿಸಿ ಕವರಿಗೆ ಹಾಕಿ. ಹದಿಮೂರೇ ಬಂದರೆ ಮೊದಲು ಕೆ.ಓ. ರಾಶಿ ನೋಡಿ, ಆಮೇಲೆ ಸೋಫಾದ ಕೆಳಗೆ.