ಆಟದ ಗುಂಪಿನಿಂದ ಬೇಡಿಕೆ ಪತ್ರದವರೆಗೆ

ಯುವಜನರ ಗುಂಪೊಂದು ಸಮುದಾಯದ ಸಂಘಟನೆಗೂ, ಅಂದರೆ ಜನ ಒಟ್ಟುಗೂಡಿ ಅಧಿಕಾರದಲ್ಲಿರುವವರ ಮುಂದೆ ಬೇಡಿಕೆ ಇಡುವ ಕೆಲಸಕ್ಕೂ, ಇಳಿಯುವುದಾದರೆ ಗೋಡೆಗೆ ಮೊದಲು ಏರಬೇಕಾದ್ದು ಪರೀಕ್ಷೆಯ ವೇಳಾಪಟ್ಟಿ. ತಮಾಷೆಗೆ ಹೇಳುತ್ತಿಲ್ಲ. ದೊಡ್ಡವರ ಹೋರಾಟ ಎರಡು ವರ್ಷ ಎಳೆದರೂ ನಡೆಯುತ್ತದೆ. ಹದಿನಾರರ ಹುಡುಗಿಗೆ ಎರಡು ವರ್ಷ ಅಂದರೆ ಶಾಲೆ ಮುಗಿದು, ಊರು ಬದಲಾಗಿ, ಗುಂಪಿನ ಮುಖಗಳೇ ಬೇರೆಯಾಗಿರುತ್ತವೆ. ಹಾಗಾಗಿ ಇಂಥ ಗುಂಪುಗಳ ಜೊತೆ ಕೆಲಸ ಮಾಡುವ ದೊಡ್ಡವರಾದ ನಾವು ಬೇಡಿಕೆಯನ್ನು 8ರಿಂದ 12 ವಾರದಲ್ಲಿ ಒಂದು ಉತ್ತರ ಸಿಗುವಷ್ಟಕ್ಕೆ ಕತ್ತರಿಸಿಕೊಳ್ಳುತ್ತೇವೆ. ಪ್ರತಿ ಜವಾಬ್ದಾರಿಗೂ ಇಬ್ಬರು: ಒಬ್ಬರು ಮಾಡುವವರು, ಇನ್ನೊಬ್ಬರು ಪಕ್ಕದಲ್ಲಿದ್ದು ಕಲಿಯುವವರು.

ಶುರು ಮಾಡುವುದು ಸಭೆಯಿಂದಲ್ಲ, ಮಾತುಕತೆಯಿಂದ. ಒಬ್ಬೊಬ್ಬರ ಜೊತೆ 30–40 ನಿಮಿಷ, ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ. ಕೈಯಲ್ಲಿ ಫಾರ್ಮ್ ಬೇಡ. ಟಿಪ್ಪಣಿಯನ್ನು ಅವರು ಹೋದ ಮೇಲೆ, ಅದೇ ದಿನ ಬರೆದಿಟ್ಟರಾಯಿತು. ‘ಇಲ್ಲಿನ ಸಮಸ್ಯೆಗಳೇನು?’ ಎಂದು ಕೇಳಿದರೆ ಭಾಷಣ ಸ್ಪರ್ಧೆಯ ಪಟ್ಟಿ ಬರುತ್ತದೆ: ಮಾಲಿನ್ಯ, ನಿರುದ್ಯೋಗ. ‘ಹೋದ ವಾರ ಯಾವುದಕ್ಕೆ ಸಿಟ್ಟು ಬಂತು?’ ಎಂದು ಕೇಳಿ ಸುಮ್ಮನೆ ಕೂತರೆ ನಿಜವಾದದ್ದು ಹೊರಬರುತ್ತದೆ. ಗಟ್ಟಿಯಾಗಿ ನಿಲ್ಲುವ ಹತ್ತು ಮಂದಿ ಬೇಕೆಂದರೆ ಮೂವತ್ತು ಮಂದಿಯ ಜೊತೆಯಾದರೂ ಹೀಗೆ ಕೂರಬೇಕು. ಇದಕ್ಕೆ ಅಡ್ಡದಾರಿ ನಮಗಂತೂ ಸಿಕ್ಕಿಲ್ಲ.

ಸಿಟ್ಟನ್ನು ಬೇಡಿಕೆ ಮಾಡುವುದು ಮುಂದಿನ ಕೆಲಸ. ‘ಓದಲು ಜಾಗವಿಲ್ಲ’ ಎಂಬುದು ದೂರು. ‘ಸಾರ್ವಜನಿಕ ಓದುಕೋಣೆ ಸಂಜೆ 6ಕ್ಕೆ ಮುಚ್ಚುವ ಬದಲು 8ರವರೆಗೆ ತೆರೆದಿರಲಿ’ ಎಂಬುದು ಬೇಡಿಕೆ. ಹೌದು ಅಥವಾ ಇಲ್ಲ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಹೌದು ಎಂದದ್ದು ಜಾರಿಯಾಗಿದೆಯೆಂದು ನಮಗೆ ಹೇಗೆ ತಿಳಿಯುತ್ತದೆ? ಈ ಎರಡಕ್ಕೂ ಉತ್ತರ ಇಲ್ಲದಿದ್ದರೆ ಅದು ಇನ್ನೂ ದೂರೇ.

ಆಮೇಲೆ ಪುರಾವೆ. ಗೆರೆ ಹಾಕಿದ ಒಂದು ನೋಟ್‌ಪುಸ್ತಕ ಸಾಕು. ಕಾಲಂಗಳು ನಾಲ್ಕು: ತಾರೀಕು, ಗಂಟೆ, ಬಾಗಿಲವರೆಗೆ ಬಂದು ಹಿಂತಿರುಗಿದವರ ಸಂಖ್ಯೆ, ಎಣಿಸಿದವರ ಸಹಿ. ಎರಡು ವಾರ, ದಿನಕ್ಕೆ ಇಬ್ಬರು, 6ರಿಂದ 7ರವರೆಗೆ. ಒಂದು ಸಂಜೆ ತಪ್ಪಿದರೆ ಆ ಸಾಲನ್ನು ಖಾಲಿ ಬಿಡಿ. ಅಂದಾಜಿನ ಮೇಲೆ ತುಂಬಿದ ಒಂದು ಸಾಲು ಸಿಕ್ಕಿಬಿದ್ದರೆ ಉಳಿದ ಹದಿಮೂರನ್ನೂ ಯಾರೂ ನಂಬುವುದಿಲ್ಲ.

ಚಾರ್ಟ್ ಕಾಗದದ ಮೇಲೆ ಎರಡು ಗೆರೆ ಎಳೆದು ಅಧಿಕಾರದ ನಕ್ಷೆ ಬರೆಯುತ್ತೇವೆ. ಅಡ್ಡಗೆರೆಯಲ್ಲಿ ವಿರೋಧದಿಂದ ಬೆಂಬಲ, ನಿಲುಗೆರೆಯಲ್ಲಿ ಕಡಿಮೆಯಿಂದ ಹೆಚ್ಚು ಅಧಿಕಾರ. ಹೆಸರುಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿದರೆ ಬೇಕಾದ ಹಾಗೆ ಸರಿಸಬಹುದು. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪೆಂದರೆ ಅತಿ ದೊಡ್ಡ ಹುದ್ದೆಯವರನ್ನು ತುದಿಗೆ ಅಂಟಿಸುವುದು. ಸಮಯ ಬದಲಿಸುವ ತೀರ್ಮಾನ ಎಷ್ಟೋ ಸಲ ಅವರಿಗಿಂತ ಎರಡು ಮೆಟ್ಟಿಲು ಕೆಳಗಿನ ಮೇಜಿನಲ್ಲಿ ಆಗುತ್ತದೆ. ಮನವಿ ತಪ್ಪು ಮೇಜಿಗೆ ಹೋದರೆ ಮೂರು ವಾರ ಹೋಯಿತೆಂದೇ ಲೆಕ್ಕ.

ಅಧಿಕಾರಿಯ ಭೇಟಿಗೆ ಐದು ಪಾತ್ರ: ಪರಿಚಯಿಸುವವರು, ಪುರಾವೆ ಇಡುವವರು, ಬೇಡಿಕೆ ಹೇಳುವವರು, ಗಡಿಯಾರ ನೋಡುವವರು, ಬರೆದುಕೊಳ್ಳುವವರು. ಎರಡು ಸಲ ತಾಲೀಮು. ಎರಡನೆಯದರಲ್ಲಿ ನಮ್ಮಲ್ಲೊಬ್ಬರು ‘ನೋಡೋಣ, ಪರಿಶೀಲಿಸ್ತೀವಿ’ ಎನ್ನುವ ಅಧಿಕಾರಿಯಾಗುತ್ತಾರೆ. ಅದಕ್ಕೆ ಉತ್ತರ ಬಾಯಲ್ಲೇ ಇರಬೇಕು: ‘ಯಾವ ತಾರೀಕಿನೊಳಗೆ ತಿಳಿಸ್ತೀರಿ ಸರ್?’ ಕೆಟ್ಟುಹೋಗುವುದು ಬೇರೆ ಕಡೆ. ಐದನೇ ನಿಮಿಷಕ್ಕೆ ಅಧಿಕಾರಿ ಹುಡುಗರನ್ನು ಬಿಟ್ಟು ಹಿಂದೆ ಕೂತ ದೊಡ್ಡವರ ಕಡೆ ತಿರುಗಿ ಮಾತಾಡತೊಡಗುತ್ತಾರೆ. ಆಗ ನಾವು ತಲೆ ಎತ್ತುವುದಿಲ್ಲ, ಪುಸ್ತಕದಲ್ಲಿ ಏನಾದರೂ ಗೀಚುತ್ತಾ ಇರುತ್ತೇವೆ. ಆ ಮೌನ ಹತ್ತು ಸೆಕೆಂಡು ತಡೆದುಕೊಂಡರೆ ಮಾತು ತಾನಾಗಿ ಹುಡುಗರ ಕಡೆಗೆ ಮರಳುತ್ತದೆ. ಈ ಹತ್ತು ಸೆಕೆಂಡಿನ ತರಬೇತಿ ಬೇಕಾದ್ದು ದೊಡ್ಡವರಿಗೇ.

ಮಕ್ಕಳಿಗೆ ನಿಜವಾಗಿ ಎಷ್ಟು ಪಾಲು ಸಿಗುತ್ತಿದೆ ಎಂದು ನೋಡಲು ರೋಜರ್ ಹಾರ್ಟ್ ಎಂಬ ಸಂಶೋಧಕರು ಯುನಿಸೆಫ್‌ಗಾಗಿ 1992ರಲ್ಲಿ ಬರೆದ ಪಾಲ್ಗೊಳ್ಳುವಿಕೆಯ ಏಣಿಗೆ ಎಂಟು ಮೆಟ್ಟಿಲು. ಕೆಳಗಿನ ಮೂರು, ಅಂದರೆ ಬಳಸಿಕೊಳ್ಳುವುದು, ಅಲಂಕಾರಕ್ಕಿಡುವುದು, ಹೆಸರಿಗೆ ಮಾತ್ರ ಸೇರಿಸುವುದು, ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು ಅವರು. ನಾವು ಬರೆದುಕೊಟ್ಟ ಭಾಷಣವನ್ನು ಮಗುವೊಂದು ವೇದಿಕೆಯಲ್ಲಿ ಓದಿದರೆ ಅದು ಆ ಮೂರರಲ್ಲೇ ಬರುತ್ತದೆ, ಚಪ್ಪಾಳೆ ಎಷ್ಟೇ ಬಿದ್ದರೂ. ಹಾಗೆಂದು ಎಲ್ಲವನ್ನೂ ಮಕ್ಕಳ ತಲೆಗೆ ಕಟ್ಟಿ ದೂರ ನಿಲ್ಲುವುದೂ ಸರಿಯಲ್ಲ. ಹಣದ ಲೆಕ್ಕ, ಸುರಕ್ಷತೆ ನಮ್ಮ ಹೆಗಲ ಮೇಲೇ ಇರಬೇಕು.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಕ್ಕಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆನ್ನುತ್ತದೆ, 15ನೇ ವಿಧಿ ಸಂಘ ಕಟ್ಟುವ, ಶಾಂತಿಯುತವಾಗಿ ಸೇರುವ ಹಕ್ಕು ಕೊಡುತ್ತದೆ. ಅದೇ ಒಡಂಬಡಿಕೆಯ 19ನೆಯದು ಹಿಂಸೆಯಿಂದ ರಕ್ಷಣೆಯದ್ದು. ಮೂರನ್ನೂ ಒಟ್ಟಿಗೆ ಹಿಡಿಯುವುದು ಕಷ್ಟದ ಕೆಲಸ. ಮಾತುಕತೆಯಲ್ಲಿ ಯಾರಾದರೂ ಮನೆಯಲ್ಲಿ ಆಗುತ್ತಿರುವ ಹಿಂಸೆಯನ್ನು ಹೇಳಿಕೊಂಡರೆ ಅಭಿಯಾನ ಅಲ್ಲಿಗೇ ನಿಲ್ಲುತ್ತದೆ. ಅದು ಬೇಡಿಕೆಯಾಗುವ ವಿಷಯವಲ್ಲ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅದೇ ದಿನ ತಿಳಿಸಬೇಕು, ಹಾಗೆ ತಿಳಿಸುತ್ತೇವೆಂದು ಆ ಮಗುವಿಗೂ ಹೇಳಬೇಕು. ಇನ್ನು ನಾವು ಯಾರ ಮುಂದೆ ಬೇಡಿಕೆ ಇಡುತ್ತೇವೋ ಅವರ ಕೈಯಲ್ಲೇ ಅಪ್ಪ-ಅಮ್ಮನ ಕೆಲಸ ಇದ್ದರೆ ಆ ಮಗು ಮುಂದಿನ ಸಾಲಿಗೆ ಬೇಡ. ಎಣಿಕೆ, ಚಾರ್ಟ್, ತಾಲೀಮು, ಹೀಗೆ ಒಳಗಿನ ಕೆಲಸ ಬೇಕಾದಷ್ಟಿದೆ, ಆಯ್ಕೆ ಅವರದೇ. ಪೋಷಕರ ಒಪ್ಪಿಗೆ ಬರಹದಲ್ಲಿ, ಹೊರಗೆ ಹೋದಾಗ ಇಬ್ಬರು ದೊಡ್ಡವರು, ಒಪ್ಪಿಗೆ ಇಲ್ಲದೆ ಫೋಟೊ ಇಲ್ಲ.

ಭೇಟಿ ಮುಗಿದ ಕೂಡಲೇ, ಮನೆಗೆ ಚದುರುವ ಮುನ್ನ, ಕಟ್ಟಡದ ಹೊರಗೆ ನಿಂತೇ 15 ನಿಮಿಷದ ವಿಮರ್ಶೆ. ಮೊದಲು ಪ್ರತಿಯೊಬ್ಬರಿಂದ ಒಂದೇ ಪದ, ಹೇಗನಿಸಿತು ಎಂದು. ಆಮೇಲೆ ಏನು ಸಿಕ್ಕಿತು, ಎಲ್ಲಿ ತಡವರಿಸಿದೆವು. ನಾಳೆಗೆ ಮುಂದೂಡಿದರೆ ‘ಚೆನ್ನಾಗಿತ್ತು’ ಎನ್ನುವುದಷ್ಟೇ ಉಳಿಯುತ್ತದೆ. 24 ಗಂಟೆಯೊಳಗೆ ಗುಂಪಿನವರು, ಅಧಿಕಾರಿ ಒಪ್ಪಿದ ಮಾತನ್ನು ತಾರೀಕಿನ ಸಮೇತ ಪತ್ರದಲ್ಲಿ ಬರೆದು ಅದೇ ಮೇಜಿಗೆ ಕೊಟ್ಟು ಸ್ವೀಕೃತಿ ಪಡೆಯುತ್ತಾರೆ. ಬಾಗಿಲು 8ರವರೆಗೆ ತೆರೆದಿದೆ ಅಂತ ಗೊತ್ತಾದ ಮೇಲೂ ಆ ನೋಟ್‌ಪುಸ್ತಕ ಮುಚ್ಚುವುದಿಲ್ಲ: ಅದೇ ಕಾಲಂಗಳಲ್ಲಿ ಇನ್ನೆರಡು ವಾರ ಎಣಿಕೆ, ಈ ಸಲ ಎಣಿಸುವುದು ಪಕ್ಕದಲ್ಲಿದ್ದು ಕಲಿತವರು.